ಕರೆಯೋಲೆಯಲ್ಲಿ ಮೇಲು-ಕೀಳು ಬೇಡ

ಮದುವೆಯ ಮಾತುಕತೆ ಮುಗಿದು, ನಿಶ್ಚಿತಾರ್ಥವಾಗಿ, ಅಕ್ಷತಾರೋಪಣದ ಮುಹೂರ್ತ ಗೊತ್ತಾದ ಮೇಲೆ ಹೆಣ್ಣಿನ ಮನೆಯವರಾಗಲಿ ಗಂಡಿನ ಮನೆಯವರಾಗಲಿ ಕೈಗೆತ್ತಿಕೊಳ್ಳುವ ಮೊದಲ ಕೆಲಸಗಳಲ್ಲಿ ಲಗ್ನಪತ್ರಿಕೆಯನ್ನು ಅಚ್ಚು ಹಾಕಿಸುವುದೂ ಒಂದು. ಬಂಗಾರ, ಜವಳಿ, ಕಲ್ಯಾಣಮಂಟಪ, ಅಡುಗೆ ಇವುಗಳ ಖರ್ಚಿನ ಮುಂದೆ ಪತ್ರಿಕೆಯ ಖರ್ಚು ಅಲ್ಪವೇ ಸರಿ. ಆದರೆ ಉಳಿದ ಖರ್ಚುಗಳು ಮದುವೆಗೆ ಬಂದವರ ಕಣ್ಣಿಗೆ ಮಾತ್ರ ಬೀಳುತ್ತವೆ. ಪತ್ರಿಕೆಯಾದರೋ ಬಾರದವರ ಮನೆಯ ಹೊಸ್ತಿಲನ್ನೂ ಮುಟ್ಟುತ್ತದೆ. ಒಂದು ಕುಟುಂಬವು ತನ್ನ ನೆರೆಹೊರೆಯನ್ನು, ಬಂಧುಬಳಗವನ್ನು, ದುಡಿಯುವ ಜನರನ್ನು ಯಾವ ಕಣ್ಣಿನಿಂದ ಕಾಣುತ್ತದೆ ಎಂಬುದು ಆ ಸಣ್ಣ ಕಾಗದದಲ್ಲಿ ತಿಳಿದುಬಿಡುತ್ತದೆ. ಆದುದರಿಂದ ಶರಣಮಾರ್ಗದಲ್ಲಿ ನಡೆಯಬಯಸುವ ಮನೆಗಳು ಈ ಅಲ್ಪ ಖರ್ಚಿನ ವಿಷಯದಲ್ಲಿ ಕೊಂಚ ನಿಂತು ಯೋಚಿಸುವುದು ಯುಕ್ತ.

ಮಿತವಾದ ಆದಾಯದ ಮನೆಯೊಂದರ ಹಿರಿಯರು ಮುದ್ರಣಾಲಯಕ್ಕೆ ಹೋಗುತ್ತಾರೆ. ಮೇಜಿನ ಮೇಲೆ ಮಾದರಿ ಪತ್ರಿಕೆಗಳ ದಪ್ಪ ದಪ್ಪ ಆಲ್ಬಂಗಳು. ಮೊದಲ ಪುಟಗಳಲ್ಲಿ ಒಂದೇ ಮಡಿಕೆಯ ಸಾದಾ ಕಾರ್ಡುಗಳು. ಪುಟ ತಿರುವಿದಂತೆ ಹೊಳೆಯುವ ಅಂಚು, ಕೆತ್ತಿದ ಚಿತ್ತಾರ, ರೇಷ್ಮೆಯ ದಾರ, ಒಳಗೆ ಮೂರು ನಾಲ್ಕು ಹಾಳೆ, ಕೊನೆಗೆ ಸಿಹಿ ತುಂಬಿ ಕೊಡುವ ಪೆಟ್ಟಿಗೆಯ ರೂಪದ ಪತ್ರಿಕೆಗಳು. ಕಣ್ಣು ಕೊನೆಯ ಪುಟದಲ್ಲಿರುತ್ತದೆ, ಕೈಯಲ್ಲಿರುವ ಹಣ ಮೊದಲ ಪುಟಕ್ಕೆ ಸಾಕಾಗುವಷ್ಟಿರುತ್ತದೆ. ಆಗ ಜೊತೆಗೆ ಬಂದ ನೆಂಟರಲ್ಲೊಬ್ಬರು ಸಲಹೆ ಕೊಡುತ್ತಾರೆ: ‘‘ಮಠಕ್ಕೆ, ಶಾಸಕರಿಗೆ, ಸಾಹೇಬರುಗಳಿಗೆ, ಬೀಗರ ಕಡೆಯವರಿಗೆ ಒಂದು ನೂರು ಚೆಂದದವು ಹಾಕಿಸೋಣ. ಊರಿನವರಿಗೆ ಯಾವುದಾದರೇನು, ಸಾದಾ ಇರಲಿ ಬಿಡಿ.’’ ಎಲ್ಲರಿಗೂ ಇದು ಜಾಣತನದ ಮಾತಾಗಿ ತೋರುತ್ತದೆ. ಮುದ್ರಣಾಲಯದವರಿಗೂ ಈ ಬೇಡಿಕೆ ಹೊಸದಲ್ಲ. ಒಂದೇ ಮದುವೆಗೆ ಎರಡು ಬಗೆಯ ಪತ್ರಿಕೆಗಳು ಹೀಗೆ ಸಿದ್ಧವಾಗುತ್ತವೆ.

ಈ ಎರಡು ಬಗೆಯ ಪತ್ರಿಕೆಯ ಪದ್ಧತಿಯು ಭಕ್ತರ ಮನೆಗೆ ಸಲ್ಲದು. ಹಣ ಕಡಿಮೆ ಇದ್ದರೆ ಕಡಿಮೆ ಬೆಲೆಯ ಪತ್ರಿಕೆ ಹಾಕಿಸುವುದರಲ್ಲಿ ಯಾವ ಅವಮಾನವೂ ಇಲ್ಲ. ಒಬ್ಬರಿಗೆ ಹೊನ್ನಿನ ಅಂಚಿನದು, ಇನ್ನೊಬ್ಬರಿಗೆ ತೆಳುಕಾಗದದ್ದು ಎಂದು ವಿಂಗಡಿಸುವುದರಲ್ಲಿ ಮಾತ್ರ ಅವಮಾನವಿದೆ. ಅದು ಕರೆಯಿಸಿಕೊಂಡವರಿಗಲ್ಲ, ಕರೆದವರಿಗೇ ಸಲ್ಲುವ ಅವಮಾನ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದವರು. ಅರಮನೆಯ ಮರ್ಯಾದೆಗಳು, ಯಾರಿಗೆ ಯಾವ ಪೀಠ, ಯಾರಿಗೆ ಎಷ್ಟು ಮನ್ನಣೆ ಎಂಬ ಲೆಕ್ಕಗಳು ಅವರಿಗೆ ತಿಳಿಯದ ಸಂಗತಿಯಾಗಿರಲಿಲ್ಲ. ಆ ಲೆಕ್ಕವನ್ನೆಲ್ಲ ಬಲ್ಲವರೇ ತಮ್ಮ ಮಹಾಮನೆಯ ಬಾಗಿಲಲ್ಲಿ ಆ ಲೆಕ್ಕವನ್ನು ಬಿಟ್ಟುಕೊಟ್ಟರು. ಬಾಗಿಲಿಗೆ ಬಂದವನ ಕುಲವನ್ನಾಗಲಿ ಅಂತಸ್ತನ್ನಾಗಲಿ ವಿಚಾರಿಸದೆ ಅವನನ್ನು ತಮ್ಮ ಮನೆಯವನೆಂದೇ ಎಣಿಸುವ ಬುದ್ಧಿಯನ್ನು ಕೊಡೆಂದು ಅವರು ಕೂಡಲಸಂಗಮದೇವನಲ್ಲಿ ಬೇಡಿಕೊಂಡ ವಚನವು ಕನ್ನಡದ ಮಕ್ಕಳಿಗೂ ಬಾಯಿಪಾಠವಾಗಿದೆ. ಶಾಲೆಯ ಪ್ರಾರ್ಥನೆಯಲ್ಲಿ, ಸಭೆಗಳಲ್ಲಿ, ಮಠದ ಅಂಗಳದಲ್ಲಿ ಆ ವಚನವನ್ನು ಹಾಡಿದವರೇ ಲಗ್ನಪತ್ರಿಕೆಗಳ ಎರಡು ಕಟ್ಟುಗಳನ್ನು ಬೇರೆ ಬೇರೆ ಚೀಲದಲ್ಲಿಟ್ಟುಕೊಂಡು ಊರು ಸುತ್ತಿದರೆ ಆ ಹಾಡಿಕೆಗೆ ಅರ್ಥವೇನು ಉಳಿಯಿತು? ಮನೆಗೆ ಬಂದವರನ್ನು ಸಮಾನವಾಗಿ ಕಾಣುವುದು ಒಂದು ಹೆಜ್ಜೆಯಾದರೆ, ಬನ್ನಿರೆಂದು ಕರೆಯುವಾಗಲೇ ಸಮಾನವಾಗಿ ಕಾಣುವುದು ಅದಕ್ಕೂ ಮೊದಲಿನ ಹೆಜ್ಜೆ.

ಊರುಗಳಲ್ಲಿ ಪತ್ರಿಕೆಗಳು ಗುಟ್ಟಾಗಿ ಉಳಿಯುವುದಿಲ್ಲ. ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಗಳು ತನ್ನ ಮನೆಗೆ ಬಂದ ತೆಳು ಪತ್ರಿಕೆಯನ್ನು ಸಂತೋಷದಿಂದಲೇ ಗೂಡಿನಲ್ಲಿ ಇಟ್ಟಿರುತ್ತಾಳೆ. ಮರುದಿನ ದೊಡ್ಡಮನೆಗೆ ಕೆಲಸಕ್ಕೆ ಹೋದಾಗ ಪಡಸಾಲೆಯ ಮೇಜಿನ ಮೇಲೆ ಅದೇ ಮದುವೆಯ, ಅದೇ ಹೆಸರುಗಳ, ಬೇರೊಂದು ಪತ್ರಿಕೆ ಅವಳ ಕಣ್ಣಿಗೆ ಬೀಳುತ್ತದೆ. ಅವಳು ಯಾರಿಗೂ ಏನೂ ಹೇಳುವುದಿಲ್ಲ. ಮದುವೆಗೂ ಬರುತ್ತಾಳೆ, ಊಟಕ್ಕೂ ಕೂರುತ್ತಾಳೆ, ಮುಯ್ಯಿಯನ್ನೂ ಹಾಕುತ್ತಾಳೆ. ಆದರೆ ಆ ಮನೆಯವರ ಲೆಕ್ಕದಲ್ಲಿ ತನ್ನ ಸ್ಥಾನ ಯಾವುದೆಂಬುದು ಅವಳಿಗೆ ಅಂದೇ ತಿಳಿದಿರುತ್ತದೆ. ಉಳಿಸಿದ ಕೆಲವು ರೂಪಾಯಿಗಳಿಗೆ ಇಂತಹ ನೋವನ್ನು ಕೊಂಡುಕೊಳ್ಳುವುದು ಯಾವ ಉಳಿತಾಯ?

ಇದಕ್ಕೆ ಹಿರಿಯರು ಒಂದು ಸಮಾಧಾನ ಹೇಳುವುದುಂಟು: ‘‘ದೊಡ್ಡವರಿಗೆ ಅವರ ಘನತೆಗೆ ತಕ್ಕಂತೆ ಕೊಡದಿದ್ದರೆ ತಪ್ಪಾಗುತ್ತದೆ.’’ ಮಾತು ಕೇಳಲು ವಿನಯವಾಗಿದೆ. ಆದರೆ ವಸ್ತುಸ್ಥಿತಿಯನ್ನು ನೋಡಬೇಕು. ಮದುವೆಯ ಕಾಲದಲ್ಲಿ ಅಧಿಕಾರಸ್ಥರ ಮನೆಗೆ ಬರುವ ಪತ್ರಿಕೆಗಳು ಒಂದೆರಡಲ್ಲ. ಅವುಗಳಲ್ಲಿ ದಿನಾಂಕವನ್ನಷ್ಟೇ ನೋಡಿ, ಬರೆದಿಟ್ಟುಕೊಂಡು, ಪತ್ರಿಕೆಯನ್ನು ಬದಿಗಿಡುವುದು ವಾಡಿಕೆ. ಪತ್ರಿಕೆಯನ್ನು ನಿಜವಾಗಿ ಕಾಪಾಡುವವಳು ದೂರದ ಹಳ್ಳಿಯ ಸೋದರತ್ತೆ. ಅವಳು ಅದನ್ನು ನಾಲ್ಕು ಜನರಿಂದ ಓದಿಸಿ ಕೇಳುತ್ತಾಳೆ; ಕ್ಯಾಲೆಂಡರಿನ ಹಿಂದೆ ಸಿಕ್ಕಿಸುತ್ತಾಳೆ; ಮದುವೆಯಾಗಿ ವರ್ಷಗಳು ಕಳೆದರೂ ಟ್ರಂಕಿನ ತಳದಲ್ಲಿ ಇಟ್ಟಿರುತ್ತಾಳೆ. ಚೆಂದದ ಪತ್ರಿಕೆ ಯಾರಿಗಾದರೂ ಸಲ್ಲಬೇಕಾದರೆ ಅವಳಿಗೇ ಸಲ್ಲಬೇಕು. ಇನ್ನು ಗುರುವಿನ ಸನ್ನಿಧಿಗೆ ಒಪ್ಪಿಸುವ ಮೊದಲ ಪತ್ರಿಕೆಯ ಮಾತು: ಊರಿನ ಕಟ್ಟಕಡೆಯ ಮನೆಗೆ ಕೊಡುವ ಪತ್ರಿಕೆಯೇ ಗುರುವಿನ ಪಾದದ ಬಳಿಯೂ ಇದ್ದರೆ ಗುರುವಿಗೆ ಅದಕ್ಕಿಂತ ಹೆಚ್ಚಿನ ಸಂತೋಷದ ಸಂಗತಿ ಯಾವುದಿದೆ?

ಹಾಗಾದರೆ ಕೈಯಲ್ಲಿರುವ ಅಲ್ಪ ಹಣದಲ್ಲಿ ಪತ್ರಿಕೆಯನ್ನು ಆರಿಸುವುದು ಹೇಗೆ? ಸಾಮಾನ್ಯವಾಗಿ ಜನರು ಮೊದಲು ಪತ್ರಿಕೆಯನ್ನು ಮೆಚ್ಚಿಕೊಳ್ಳುತ್ತಾರೆ, ಆಮೇಲೆ ಬೆಲೆ ಕೇಳುತ್ತಾರೆ, ಕೊನೆಗೆ ಹಣಕ್ಕೆ ಹೊಂದುವಂತೆ ಕರೆಯಬೇಕಾದವರ ಪಟ್ಟಿಯನ್ನು ಮೊಟಕುಗೊಳಿಸುತ್ತಾರೆ. ಈ ಕ್ರಮವೇ ತಲೆಕೆಳಗಾದುದು. ಮೊದಲು ಮನೆಮಂದಿಯೆಲ್ಲ ಕುಳಿತು, ಹಿರಿಯರ ನೆನಪಿನ ನೆರವಿನಿಂದ ಕರೆಯಬೇಕಾದ ಮನೆಗಳ ಪಟ್ಟಿಯನ್ನು ಬರೆಯಬೇಕು. ವ್ಯಕ್ತಿಗಳ ಪಟ್ಟಿಯಲ್ಲ, ಮನೆಗಳ ಪಟ್ಟಿ; ಏಕೆಂದರೆ ಪತ್ರಿಕೆ ಮನೆಗೊಂದು ಸಾಕು. ಅನಂತರ ಪತ್ರಿಕೆಗೆಂದು ತೆಗೆದಿಟ್ಟ ಹಣವನ್ನು ಆ ಸಂಖ್ಯೆಯಿಂದ ಭಾಗಿಸಬೇಕು. ಬಂದ ಮೊತ್ತವೇ ಆ ಮನೆಗೆ ಒಪ್ಪುವ ಪತ್ರಿಕೆಯ ಬೆಲೆ. ಅದಕ್ಕಿಂತ ಮುಂದಿನ ಪುಟವನ್ನು ತಿರುವುವ ಅಗತ್ಯವಿಲ್ಲ.

ಉದಾಹರಣೆಗೆ ಒಂದು ಕುಟುಂಬವು ಪತ್ರಿಕೆಗೆಂದು 9,000 ರೂಪಾಯಿ ತೆಗೆದಿಟ್ಟಿದೆ, ಪಟ್ಟಿಯಲ್ಲಿ 450 ಮನೆಗಳಿವೆ ಎಂದಿಟ್ಟುಕೊಳ್ಳಬಹುದು. ಪ್ರತಿ ಮನೆಗೆ 20 ರೂಪಾಯಿಯ ಪತ್ರಿಕೆ ಸಲ್ಲುತ್ತದೆ. ಅದೇ ಕುಟುಂಬವು ದೊಡ್ಡವರಿಗಾಗಿ 60 ರೂಪಾಯಿಯಂತೆ 100 ಪತ್ರಿಕೆ ಹಾಕಿಸಿದರೆ 6,000 ರೂಪಾಯಿ ಅಲ್ಲಿಗೇ ಮುಗಿಯಿತು. ಉಳಿದ 3,000 ರೂಪಾಯಿಯಲ್ಲಿ 350 ಮನೆಗಳಿಗೆ ಹಂಚಿದರೆ ಒಂದೊಂದಕ್ಕೆ ಎಂಟೂವರೆ ರೂಪಾಯಿಯ ಆಸುಪಾಸು. ನೂರು ಮನೆಗಳ ಹೊಳಪಿಗಾಗಿ ಮುನ್ನೂರೈವತ್ತು ಮನೆಗಳ ಪಾಲು ಅರ್ಧಕ್ಕಿಂತಲೂ ಕೆಳಗಿಳಿಯಿತು. ಹಣ ಸಾಲದೆ ಬಂದಾಗ ಈ ಮುನ್ನೂರೈವತ್ತರಲ್ಲೇ ಐವತ್ತು ಮನೆಗಳು ಪಟ್ಟಿಯಿಂದ ಬಿಟ್ಟುಹೋಗುವುದೂ ಉಂಟು. ಬಿಟ್ಟುಹೋಗುವವರು ಯಾರೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಅಚ್ಚಿನ ಕೆಲಸದ ರೀತಿಯನ್ನು ನೋಡಿದರೂ ಎರಡು ಬಗೆಯ ಪತ್ರಿಕೆ ನಷ್ಟದ ಬಾಬತ್ತೇ. ಸಣ್ಣ ಊರುಗಳ ಮುದ್ರಣಾಲಯದವರು ಬಹುಮಟ್ಟಿಗೆ ಸಿದ್ಧ ಕಾರ್ಡುಗಳನ್ನು ತರಿಸಿಕೊಂಡು ಅವುಗಳ ಮೇಲೆ ಒಕ್ಕಣೆಯನ್ನಷ್ಟೇ ಅಚ್ಚು ಮಾಡಿಕೊಡುತ್ತಾರೆ. ತಮಿಳುನಾಡಿನ ಶಿವಕಾಶಿಯಿಂದ ಬರುವ ಕಾರ್ಡುಗಳೂ ಇವುಗಳಲ್ಲಿವೆ. ಅಕ್ಷರ ಜೋಡಿಸುವ, ಕರಡು ತೆಗೆಯುವ, ಅಚ್ಚಿನ ಪರದೆ ಅಥವಾ ಪ್ಲೇಟು ಸಿದ್ಧಪಡಿಸುವ ವೆಚ್ಚವು ನೂರು ಪತ್ರಿಕೆಗೂ ಅಷ್ಟೇ, ಐನೂರು ಪತ್ರಿಕೆಗೂ ಹೆಚ್ಚುಕಡಿಮೆ ಅಷ್ಟೇ. ಆದುದರಿಂದ ಒಂದೇ ಮಾದರಿಯನ್ನು ಹೆಚ್ಚು ಸಂಖ್ಯೆಯಲ್ಲಿ ಹಾಕಿಸಿದಷ್ಟೂ ಒಂದೊಂದರ ಮೇಲೆ ಬೀಳುವ ವೆಚ್ಚ ಇಳಿಯುತ್ತದೆ. ಎರಡು ಮಾದರಿ ಎಂದೊಡನೆ ಈ ಮೊದಲ ವೆಚ್ಚವನ್ನು ಎರಡು ಸಲ ತೆರಬೇಕಾಗುತ್ತದೆ. ಕೊನೆಯ ಗಳಿಗೆಯಲ್ಲಿ ನೆನಪಾದ ಇಪ್ಪತ್ತೈದು ಮನೆಗಳಿಗಾಗಿ ಮತ್ತೆ ಅಚ್ಚು ಹಾಕಿಸುವುದೂ ದುಬಾರಿಯೇ. ಪಟ್ಟಿಗಿಂತ ಇಪ್ಪತ್ತು ಮೂವತ್ತು ಪತ್ರಿಕೆಗಳನ್ನು ಮೊದಲೇ ಹೆಚ್ಚಾಗಿ ಹಾಕಿಸಿಕೊಂಡರೆ ಆ ತೊಂದರೆ ಬರುವುದಿಲ್ಲ.

ಬಿಡಬಹುದಾದ ವೆಚ್ಚಗಳೂ ಕೆಲವಿವೆ. ಒಳಗಿನ ಹೆಚ್ಚುವರಿ ಹಾಳೆಗಳು, ಹೊಳೆಯುವ ಹಾಳೆಯ ಅಚ್ಚು, ಆರತಕ್ಷತೆಗೆಂದು ಬೇರೊಂದು ಕಾರ್ಡು, ಪತ್ರಿಕೆಯ ಜೊತೆಗೆ ಸಿಹಿಯ ಪೊಟ್ಟಣ ಇವು ಯಾವುವೂ ಕರೆಯುವ ಕಾರ್ಯಕ್ಕೆ ಅವಶ್ಯವಲ್ಲ. ಗಟ್ಟಿಯಾದ ಬಿಳಿಯ ಅಥವಾ ತಿಳಿಹಳದಿ ಕಾಗದದ ಮೇಲೆ ಒಂದೇ ಬಣ್ಣದಲ್ಲಿ, ವಯಸ್ಸಾದವರೂ ಓದಬಲ್ಲಷ್ಟು ದೊಡ್ಡ ಅಕ್ಷರದಲ್ಲಿ ಅಚ್ಚಾದ ಒಂದು ಮಡಿಕೆಯ ಪತ್ರಿಕೆಗೆ ಅದರದೇ ಆದ ಗಾಂಭೀರ್ಯವಿದೆ. ಗುರು-ಲಿಂಗದ, ಬಸವಣ್ಣನವರ ಬಣ್ಣಬಣ್ಣದ ಚಿತ್ರಗಳ ವಿಷಯದಲ್ಲಿಯೂ ವಿವೇಕ ಬೇಕು. ಮದುವೆ ಮುಗಿದ ವಾರದಲ್ಲಿ ಪತ್ರಿಕೆಗಳು ಎಲ್ಲಿರುತ್ತವೆ ಎಂಬುದನ್ನು ಬೀದಿಯ ಕಸದ ತೊಟ್ಟಿಯನ್ನು ಕಂಡವರು ಬಲ್ಲರು. ಪೂಜ್ಯವಾದ ಚಿತ್ರವು ಕಾಲಡಿಗೆ ಬೀಳುವುದನ್ನು ಕಂಡು ನೊಂದುಕೊಳ್ಳುವುದಕ್ಕಿಂತ, ತಲೆಯ ಮೇಲೆ ಒಂದು ಸಾಲಿನಲ್ಲಿ ನಾಮಸ್ಮರಣೆಯನ್ನಷ್ಟೇ ಅಚ್ಚು ಹಾಕಿಸುವುದು ಲೇಸು. ಚಿತ್ರದ ವೆಚ್ಚವೂ ಉಳಿಯುತ್ತದೆ, ಮನಸ್ಸಿನ ಕಳವಳವೂ ಉಳಿಯುವುದಿಲ್ಲ.

ಬಿಡಬಾರದ ಸಂಗತಿಗಳೂ ಇವೆ. ವಾರ ಮತ್ತು ದಿನಾಂಕ ಒಂದಕ್ಕೊಂದು ಹೊಂದಬೇಕು. ಮುಹೂರ್ತದ ಹೊತ್ತು, ಸ್ಥಳ, ತಾಲೂಕು ಸ್ಪಷ್ಟವಾಗಿರಬೇಕು. ದೂರದಿಂದ ಬರುವವರಿಗೆ ಬಸ್ಸು ಎಲ್ಲಿ ಇಳಿಯಬೇಕೆಂಬುದು ತಿಳಿಯಬೇಕು. ಕರಡನ್ನು ಮನೆಯಲ್ಲಿ ಇಬ್ಬರು ಬೇರೆ ಬೇರೆಯಾಗಿ ಓದಿ ನೋಡಿ ಒಪ್ಪಿಗೆ ಕೊಡಬೇಕು. ಅಚ್ಚಾದ ಮೇಲೆ ಕಂಡುಬಂದ ಒಂದು ಅಕ್ಷರದ ತಪ್ಪು ಬಡವರ ಮನೆಗೆ ಎರಡನೆಯ ಸಲದ ಅಚ್ಚಿನ ವೆಚ್ಚವನ್ನು ತರುತ್ತದೆ.

ಒಂದು ರೂಪಾಯಿಯೂ ಖರ್ಚಾಗದೆ ಪತ್ರಿಕೆಯ ಘನತೆಯನ್ನು ಹೆಚ್ಚಿಸುವ ಸಂಗತಿಯೊಂದಿದೆ, ಅದು ಹೆಸರುಗಳದ್ದು. ತಂದೆಯನ್ನು ಕಳೆದುಕೊಂಡ ಹೆಣ್ಣುಮಗಳ ಮದುವೆಯ ಪತ್ರಿಕೆಯನ್ನು ಚಿಕ್ಕಪ್ಪನ ಅಥವಾ ಸೋದರಮಾವನ ಹೆಸರಿನಲ್ಲಿ ಹಾಕಿಸಿ, ಕೂಲಿನಾಲಿ ಮಾಡಿ ಮಗಳನ್ನು ಸಾಕಿದ ತಾಯಿಯ ಹೆಸರನ್ನು ಎಲ್ಲೋ ಒಂದು ಮೂಲೆಯಲ್ಲಿ ಇಡುವುದು, ಕೆಲವೊಮ್ಮೆ ಬಿಟ್ಟೇಬಿಡುವುದು ಇಂದಿಗೂ ಕಂಡುಬರುತ್ತದೆ. ವಿಧವೆಯ ಹೆಸರು ಶುಭಪತ್ರಿಕೆಗೆ ಸಲ್ಲದೆಂಬ ಭಾವನೆ ಇದರ ಹಿಂದಿದೆ. ಹೆಣ್ಣನ್ನು ಅನುಭವ ಮಂಟಪದಲ್ಲಿ ಸಮನಾಗಿ ಕೂರಿಸಿದ ಪರಂಪರೆಗೆ ಸೇರಿದವರೆಂದು ಹೇಳಿಕೊಳ್ಳುವ ಮನೆಗಳಲ್ಲಿ ಈ ಭಾವನೆಗೆ ಎಡೆಯಿರಬಾರದು. ಕರೆಯುವ ಹಕ್ಕು ಸಾಕಿದ ಕೈಗಳದ್ದು. ತಾಯಿಯ ಹೆಸರು ಮೊದಲ ಸಾಲಿನಲ್ಲಿರುವ ಸಾದಾ ಪತ್ರಿಕೆಯ ಮುಂದೆ ಅವಳನ್ನು ಮರೆಸಿದ ಹೊನ್ನಿನ ಅಂಚಿನ ಪತ್ರಿಕೆ ಬಡವೆನಿಸುತ್ತದೆ. ಅಂತೆಯೇ ಸುಖಾಗಮನ ಬಯಸುವವರ ಉದ್ದನೆಯ ಪಟ್ಟಿಯಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂಬ ಮುನಿಸುಗಳು ಹುಟ್ಟಿಕೊಳ್ಳುವುದಾದರೆ ‘ಕುಟುಂಬದ ಸರ್ವರೂ’ ಎಂಬ ಎರಡು ಮಾತು ಸಾಕು.

ಅಚ್ಚಿನ ಕಾಗದಕ್ಕೆ ಬೆಲೆ ಬರುವುದು ಅದರ ಮೇಲಿನ ಮಾತಿನಿಂದ ಎಂಬುದಕ್ಕೆ ವಚನಸಾಹಿತ್ಯದ ಚರಿತ್ರೆಯೇ ಸಾಕ್ಷಿ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ತಾಳೆಗರಿಗಳಲ್ಲಿ ಅಡಗಿದ್ದ ವಚನಗಳನ್ನು ಹುಡುಕಿ ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದರು. ಅಚ್ಚಿನ ಕೆಲಸಕ್ಕಾಗಿ ತಮ್ಮ ಮನೆಯನ್ನೇ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಆ ಪುಟಗಳನ್ನು ಜನರು ಕಣ್ಣಿಗೊತ್ತಿಕೊಂಡದ್ದು ಕಾಗದದ ಹೊಳಪಿಗಾಗಿ ಅಲ್ಲ. ಹಳಕಟ್ಟಿಯವರು ಮನೆ ಮಾರಿದ್ದು ಶರಣರ ಮಾತು ಎಲ್ಲರ ಮನೆ ಸೇರಲೆಂದು. ಇಂದು ಹೊಲ ಅಡವಿಟ್ಟು ಮದುವೆ ಮಾಡುವವರು ಆ ಸಾಲದ ಒಂದು ಪಾಲನ್ನು ಒಂದು ವಾರದಲ್ಲಿ ಕಸವಾಗುವ ಹೊಳಪಿಗೆ ಸುರಿಯುತ್ತಾರೆ. ಎರಡೂ ಅಚ್ಚಿಗಾಗಿ ಮಾಡಿದ ವೆಚ್ಚವೇ, ಎಷ್ಟು ಅಂತರ!

ಸಾಲದ ಮಾತು ಬಂದಾಗ ಆಯ್ದಕ್ಕಿ ಲಕ್ಕಮ್ಮನ ನೆನಪಾಗದಿರದು. ಅವಳ ಪತಿ ಮಾರಯ್ಯನ ಕಾಯಕ, ಬಿದ್ದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಮಿಗಿಲಾದುದು ಆಸೆಯ ಫಲವೆಂದು ಕಂಡು, ತಂದಲ್ಲಿಗೇ ಹಿಂದಿರುಗಿಸಿ ಬರುವಂತೆ ಲಕ್ಕಮ್ಮ ಅವನನ್ನು ಕಳುಹಿದಳು. ಆ ಮನೆಯಲ್ಲಿ ಬಡತನವಿತ್ತು, ಕೊರತೆಯ ಭಾವವಿರಲಿಲ್ಲ. ಲಕ್ಕಮ್ಮನ ಮನೆಯಿಂದ ಲಗ್ನಪತ್ರಿಕೆಯೊಂದು ಹೊರಡುವುದಾಗಿದ್ದರೆ ಅದು ಹೇಗಿರುತ್ತಿತ್ತು ಎಂದು ಭಕ್ತರು ಒಮ್ಮೆ ಕಲ್ಪಿಸಿಕೊಳ್ಳಬಹುದು. ಅದು ಅಂದಂದಿನ ಕಾಯಕದ ಹಣದಲ್ಲಿ ಆಗುವಷ್ಟೇ ಇರುತ್ತಿತ್ತು. ಎಲ್ಲರಿಗೂ ಒಂದೇ ಆಗಿರುತ್ತಿತ್ತು. ನೆರೆಯವರು ಏನೆಂದಾರೆಂಬ ಅಂಜಿಕೆ ಅವಳ ಲೆಕ್ಕದಲ್ಲಿ ಸೇರುತ್ತಲೇ ಇರಲಿಲ್ಲ.

ಸರಳ ವಿವಾಹದ ದಾರಿ ಕನ್ನಡ ನಾಡಿಗೆ ಅಪರಿಚಿತವೇನಲ್ಲ. ಕುವೆಂಪು ಅವರು 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ವಿವಾಹವನ್ನು ‘ಮಂತ್ರ ಮಾಂಗಲ್ಯ’ದ ರೀತಿಯಲ್ಲಿ, ಆಡಂಬರವಿಲ್ಲದೆ ನೆರವೇರಿಸಿದರು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹಗಳು ನಡೆದುಬಂದಿವೆ. ನಾಡಿನ ಅನೇಕ ಮಠಗಳಲ್ಲಿಯೂ ಜಾತ್ರೆ, ಉತ್ಸವಗಳ ಸಂದರ್ಭದಲ್ಲಿ ಸಾಮೂಹಿಕ ವಿವಾಹಗಳು ಜರುಗುತ್ತವೆ. ಅಂತಹ ಸಮಾರಂಭಗಳಲ್ಲಿ ಹತ್ತಾರು ಜೋಡಿಗಳಿಗೆ ಒಂದೇ ಹಂದರ, ಒಂದೇ ಆಹ್ವಾನ. ಅಲ್ಲಿ ಮದುವೆಯಾದವರ ಬಾಳು ಪತ್ರಿಕೆಯ ಹೊಳಪು ಸಾಲದೆಂದು ಕುಂದಿದ್ದನ್ನು ಯಾರೂ ಕಂಡಿಲ್ಲ.

ಇಂದು ಮೊಬೈಲ್ ಫೋನು ಇನ್ನೊಂದು ಅನುಕೂಲವನ್ನು ಒದಗಿಸಿದೆ. ಹಿಂದೆ ದೂರದವರಿಗೆ ಪತ್ರಿಕೆಯನ್ನು ಲಕೋಟೆಯ ಬಾಯಿ ಅಂಟಿಸದೆ ‘ಬುಕ್ ಪೋಸ್ಟ್’ ಎಂದು ಬರೆದು ಅಂಚೆಗೆ ಹಾಕುತ್ತಿದ್ದರು. ಈಗ ವಾಟ್ಸಾಪ್‌ನಲ್ಲಿ ಪತ್ರಿಕೆಯ ಚಿತ್ರವನ್ನು ಕಳುಹಿಸಿದರೆ ಕ್ಷಣದಲ್ಲಿ ತಲುಪುತ್ತದೆ. ಹೊರನಾಡಿನ ಸ್ನೇಹಿತರಿಗೆ, ಕಚೇರಿಯ ಸಹೋದ್ಯೋಗಿಗಳಿಗೆ ಅದು ಸಾಕು. ಅದರಿಂದ ಉಳಿದ ಹಣ ಉಳಿದ ಮನೆಗಳ ಪತ್ರಿಕೆಗೆ ಒದಗುತ್ತದೆ. ಆದರೆ ಇಲ್ಲಿಯೂ ಹಳೆಯ ಮೇಲು-ಕೀಳು ಹೊಸ ವೇಷದಲ್ಲಿ ಬರಬಾರದು. ದೊಡ್ಡವರ ಮನೆಗೆ ಖುದ್ದಾಗಿ ಹೋಗಿ, ಪಕ್ಕದ ಓಣಿಯ ಬಡವರಿಗೆ ಫೋನಿನಲ್ಲಿ ಚಿತ್ರ ಕಳುಹಿಸುವುದಾದರೆ ಅದು ಎರಡು ಬಗೆಯ ಪತ್ರಿಕೆಯೇ ಆಯಿತು. ದೂರವನ್ನು ನೋಡಿ ವಿಂಗಡಿಸುವುದು ಸರಿ, ಅಂತಸ್ತನ್ನು ನೋಡಿ ವಿಂಗಡಿಸುವುದು ಸರಿಯಲ್ಲ. ಓದಲು ಬಾರದ, ಫೋನಿಲ್ಲದ ಹಿರಿಯರ ಮನೆಗೆ ಪತ್ರಿಕೆಯೊಡನೆ ಮನುಷ್ಯರೇ ಹೋಗಬೇಕು.

ಸಮಯದ ಅಭಾವದಿಂದ ಬರಲಾಗದಿದ್ದರೆ ಈ ಪತ್ರಿಕೆಯನ್ನೇ ಖುದ್ದು ಕರೆಯೆಂದು ಭಾವಿಸಿರೆಂಬ ಸಾಲು ಇಂದು ಬಹುತೇಕ ಪತ್ರಿಕೆಗಳ ಕೆಳಭಾಗದಲ್ಲಿ ಕಾಣುತ್ತದೆ. ಈ ಸಾಲು ಕೆಲವರಿಗೆ ಅನಿವಾರ್ಯವಿರಬಹುದು. ಆದರೆ ಕಾಗದಕ್ಕೆ ಹಣವಿಲ್ಲದ ಮನೆಗೂ ಕಾಲುನಡಿಗೆಗೆ ಬಡತನವಿಲ್ಲ. ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ ಸಾದಾ ಪತ್ರಿಕೆಯನ್ನು ಎರಡೂ ಕೈಗಳಿಂದ ಕೊಟ್ಟು, ‘‘ಮನೆಮಂದಿಯೆಲ್ಲ ಹಿಂದಿನ ದಿನವೇ ಬರಬೇಕು, ನಿಮ್ಮನ್ನು ಬಿಟ್ಟು ನಮ್ಮ ಮನೆಯ ಕಾರ್ಯವಿಲ್ಲ’’ ಎಂದು ಆಡಿದ ಮಾತನ್ನು ಕೇಳಿದವರು ಕಾಗದವನ್ನು ಬೆರಳಿನಿಂದ ಉಜ್ಜಿ ಅದರ ಬೆಲೆಯನ್ನು ಅಳೆಯುವುದಿಲ್ಲ. ಮನೆಯ ಹಿರಿಯರು ಒಂದು ದಿಕ್ಕಿಗೆ, ಕಿರಿಯರು ಇನ್ನೊಂದು ದಿಕ್ಕಿಗೆ ಹಂಚಿಕೊಂಡು ಹೊರಟರೆ ಒಂದು ವಾರದಲ್ಲಿ ಊರೂ, ಸುತ್ತಲ ಹಳ್ಳಿಗಳೂ ಮುಗಿಯುತ್ತವೆ.

ಮುಂದಿನ ಮದುವೆಯ ಕಾಲದಲ್ಲಿ ಮುದ್ರಣಾಲಯದ ಮೆಟ್ಟಿಲು ಹತ್ತುವ ಭಕ್ತರು ಆಲ್ಬಂ ತೆರೆಯುವ ಮೊದಲು ಪಟ್ಟಿಯನ್ನು ತೆರೆಯಲಿ. ಪಟ್ಟಿಯ ಕೊನೆಯ ಮನೆ ಯಾವುದೆಂದು ನೋಡಲಿ. ಆ ಮನೆಗೆ ಕೊಡಲು ಒಪ್ಪುವ ಪತ್ರಿಕೆಯನ್ನೇ ಎಲ್ಲರಿಗೂ ಆರಿಸಲಿ. ಮೊದಲನೆಯದನ್ನು ಗುರುವಿನ ಸನ್ನಿಧಿಯಲ್ಲಿಟ್ಟು, ಎರಡನೆಯದನ್ನು ಆ ಕೊನೆಯ ಮನೆಗೆ ಕೊಟ್ಟು ಕರೆಯುವ ಕಾರ್ಯವನ್ನು ಆರಂಭಿಸಲಿ.